ಮಲಗಿದ ಹೃದಯವೂ ದುಡಿಯುವ ಹೃದಯವೂ

ಹೃದ್ರೋಗಿಗಳ ತಪಾಸಣೆಯಲ್ಲಿ ದಿನಂಪ್ರತಿ ನಡೆಯುವ ಒಂದು ವೈಚಿತ್ರ್ಯವನ್ನು ನಾವು ವೈಚಿತ್ರ್ಯವೆಂದು ಬಗೆಯುವುದನ್ನೇ ಬಿಟ್ಟಿದ್ದೇವೆ. ನಡೆದರೆ ಏದುಸಿರು ಬರುತ್ತದೆ, ಮಹಡಿ ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ, ತುಂಬಿದ ಕೊಡ ಹೊತ್ತರೆ ನಡುದಾರಿಯಲ್ಲಿ ಇಳಿಸಿ ನಿಲ್ಲಬೇಕಾಗುತ್ತದೆ ಎಂದು ಹೇಳಿಕೊಂಡು ಬಂದವರನ್ನು ನಡೆಸದೆ, ಹತ್ತಿಸದೆ, ಹೊರಿಸದೆ, ಎಡಮಗ್ಗುಲಾಗಿ ಮಂಚದ ಮೇಲೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಸವರಿ, ವಿಶ್ರಮಿಸುತ್ತಿರುವ ಹೃದಯದ ಚಿತ್ರವನ್ನು ಪರದೆಯ ಮೇಲೆ ನೋಡಿ, ಕವಾಟದ ಕಿಂಡಿ ಇಷ್ಟಿದೆ, ಒತ್ತಡ ಇಷ್ಟಿದೆ, ಸದ್ಯಕ್ಕೆ ಭಯವಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದು ಕಳುಹಿಸಿಕೊಡುವುದು ವಾಡಿಕೆಯಾಗಿದೆ. ಎಕೋ ಎಂಬ ಹೆಸರಿನಿಂದ ಹಳ್ಳಿಗರ ಬಾಯಲ್ಲೂ ಬಳಕೆಯಾಗಿರುವ ಈ ಪರೀಕ್ಷೆಯ ಉಪಕಾರವನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಕವಾಟದ ರೋಗವುಳ್ಳವರಲ್ಲಿ, ಅದರಲ್ಲಿಯೂ ನಮ್ಮ ನಾಡಿನ ಬಡವರಲ್ಲಿ ಇಂದಿಗೂ ನೆಲೆನಿಂತಿರುವ ಮಿಟ್ರಲ್ ಕವಾಟದ ಸಂಕೋಚನದಲ್ಲಿ, ಇಷ್ಟೇ ಸಾಲದು; ರೋಗಿಯ ಮಾತಿಗೂ ಪರದೆಯ ಅಂಕಿಗೂ ಹೊಂದಿಕೆಯಾಗದಿರುವಲ್ಲೆಲ್ಲ ಆ ಹೃದಯವನ್ನು ದುಡಿಸಿ, ದುಡಿಯುತ್ತಿರುವಾಗಲೇ ನೋಡತಕ್ಕ ವ್ಯಾಯಾಮ ಎಕೋ ಪರೀಕ್ಷೆಯು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿಯೂ ದೊರೆಯುವಂತಾಗಬೇಕೆಂಬುದು ನನ್ನ ಅಭಿಪ್ರಾಯ.

ಈ ರೋಗದ ಮೂಲ ಎಳೆವಯಸ್ಸಿನ ಗಂಟಲುನೋವಿನಲ್ಲಿದೆ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬಂದ ಗಂಟಲುಬೇನೆ ಕೆಲವೇ ದಿನಗಳಲ್ಲಿ ತಾನಾಗಿ ಶಮನಗೊಂಡರೂ, ಎರಡು ಮೂರು ವಾರಗಳ ತರುವಾಯ ಕೆಲವು ಮಕ್ಕಳಿಗೆ ಜ್ವರ (ರುಮ್ಯಾಟಿಕ್ ಜ್ವರವೆಂದು ಇದಕ್ಕೆ ಹೆಸರು) ಮರುಕಳಿಸಿ ಮೊಣಕಾಲು, ಮೊಣಕೈ, ಮಣಿಕಟ್ಟುಗಳು ಒಂದಾದ ಮೇಲೊಂದು ಬಾತುಕೊಳ್ಳುತ್ತವೆ. ರೋಗಾಣುವನ್ನು ಎದುರಿಸಲೆಂದು ದೇಹವು ಸಿದ್ಧಗೊಳಿಸಿದ ರಕ್ಷಣಶಕ್ತಿಯೇ ತನ್ನ ಹೃದಯದ ಕವಾಟಗಳನ್ನು ಪರಕೀಯವೆಂದು ಭ್ರಮಿಸಿ ಗಾಸಿಗೊಳಿಸುತ್ತದೆ. ಕೀಲುಗಳ ಊತ ಇಳಿದು ಮಗು ಮರಳಿ ಶಾಲೆಗೆ ಹೋಗುತ್ತದೆ. ಕವಾಟದ ಗಾಯ ಮಾತ್ರ ವರ್ಷಾನುವರ್ಷ ಗಟ್ಟಿಯಾಗುತ್ತ, ಅದರ ಎರಡು ದಳಗಳು ಮೂಲೆಗಳಲ್ಲಿ ಪರಸ್ಪರ ಬೆಸೆದುಕೊಳ್ಳುತ್ತ, ಎಡ ಹೃತ್ಕರ್ಣದಿಂದ ಎಡ ಹೃತ್ಕುಕ್ಷಿಗೆ ರಕ್ತ ಇಳಿಯುವ ದ್ವಾರವನ್ನು ಕಿರಿದುಗೊಳಿಸುತ್ತ ಬರುತ್ತದೆ. ಆರೋಗ್ಯವಂತರಲ್ಲಿ ಈ ದ್ವಾರದ ವಿಸ್ತಾರ 4ರಿಂದ 6 ಚದರ ಸೆಂಟಿಮೀಟರು, ಅದು 1.5 ಚದರ ಸೆಂಟಿಮೀಟರಿಗೆ ಅಥವಾ ಅದಕ್ಕೂ ಕೆಳಗೆ ಇಳಿದಾಗ ತೀವ್ರ ಸಂಕೋಚನವೆಂದು ವೈದ್ಯರು ಹೆಸರಿಡುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ವಾಸದ ಮನೆಗಳು ವಿಶಾಲಗೊಂಡು ಪೆನಿಸಿಲಿನ್ ಕೈಗೆಟುಕಿದ ದೇಶಗಳಲ್ಲಿ ಈ ರೋಗ ಬಹುಮಟ್ಟಿಗೆ ಮರೆಯಾಗಿ ಅಲ್ಲಿನ ಎಳೆಯ ವೈದ್ಯರಿಗೆ ಪಠ್ಯಪುಸ್ತಕದ ವಿಷಯವಾಗಿ ಉಳಿದಿರಲಾಗಿ, ಇತ್ತ ಭಾರತವೂ ಒಳಗೊಂಡ ಬಡರಾಷ್ಟ್ರಗಳಲ್ಲಿ ಅದರ ಕೋಟಲೆ ತಪ್ಪಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಈ ರೋಗವನ್ನು ಕುರಿತು ಪ್ರತ್ಯೇಕ ನಿರ್ಣಯವನ್ನು ಅಂಗೀಕರಿಸಿದ್ದು 2018ರಷ್ಟು ಈಚೆಗೆ.

ಎಕೋ ಪರೀಕ್ಷೆ ಹುಟ್ಟಿದ್ದೇ ಈ ಒಂದು ಕವಾಟದ ಸಲುವಾಗಿ ಎಂಬ ಸಂಗತಿಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. 1948ರ ಜೂನ್ ತಿಂಗಳಿನಲ್ಲಿ ಫಿಲಡೆಲ್ಫಿಯಾದ ಚಾರ್ಲ್ಸ್ ಬೈಲಿ ಹಾಗೂ ಬಾಸ್ಟನ್ನಿನ ಡ್ವೈಟ್ ಹಾರ್ಕನ್ ಎಂಬ ಶಸ್ತ್ರವೈದ್ಯರು, ಕೆಲವೇ ದಿನಗಳ ಅಂತರದಲ್ಲಿ, ಮಿಡಿಯುತ್ತಿರುವ ಹೃದಯದೊಳಕ್ಕೆ ಹೊಕ್ಕು ಬೆಸೆದುಕೊಂಡ ಮಿಟ್ರಲ್ ಕವಾಟವನ್ನು ಬಿಡಿಸುವ ಸಾಹಸವನ್ನು ಗೆದ್ದ ಮೇಲೆ, ಯಾರಿಗೆ ಈ ಶಸ್ತ್ರಕ್ರಿಯೆ ಬೇಕು, ಯಾರಿಗೆ ಬೇಡ ಎಂಬ ಪ್ರಶ್ನೆ ಎಲ್ಲೆಡೆ ಎದ್ದಿತು. ಸ್ವೀಡನ್ನಿನ ಲುಂಡ್ ನಗರದಲ್ಲಿ ಆ ನಿರ್ಣಯದ ಹೊಣೆ ಹೊತ್ತಿದ್ದ ಇಂಗೆ ಎಡ್ಲರ್ ಎಂಬ ವೈದ್ಯನು ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿಯ ನೆರವನ್ನು ಯಾಚಿಸಿದನು. (ಈ ಹರ್ಟ್ಸನ ತಂದೆ ಗುಸ್ತಾವ್ ಹರ್ಟ್ಸ್ ನೊಬೆಲ್ ಪುರಸ್ಕೃತ, ರೇಡಿಯೊ ಅಲೆಗಳನ್ನು ಕಂಡುಹಿಡಿದ ಹೈನ್‌ರಿಶ್ ಹರ್ಟ್ಸ್ ಅದೇ ಮನೆತನದ ಹಿರಿಯ.) ಸಮೀಪದ ಮಾಲ್ಮೊ ಬಂದರಿನ ಹಡಗುಕಟ್ಟೆಯಲ್ಲಿ ಲೋಹದೊಳಗಣ ಬಿರುಕುಗಳನ್ನು ಪತ್ತೆಹಚ್ಚಲು ಬಳಸುತ್ತಿದ್ದ ಶ್ರವಣಾತೀತ ಶಬ್ದದ ಯಂತ್ರವನ್ನು ಮೊದಲು ಎರವಾಗಿ ಪಡೆದು ಪ್ರಯೋಗಿಸಿ ನೋಡಿ, ಬಳಿಕ ಸೀಮೆನ್ಸ್ ಸಂಸ್ಥೆಯಿಂದ ಅಂಥದೊಂದು ಯಂತ್ರವನ್ನು ದೊರಕಿಸಿಕೊಂಡು, 1953ರ ಅಕ್ಟೋಬರ್ 29ರಂದು ಇವರಿಬ್ಬರೂ ಚಲಿಸುವ ಹೃದಯದ ಪ್ರತಿಧ್ವನಿಯನ್ನು ಪ್ರಪ್ರಥಮವಾಗಿ ದಾಖಲಿಸಿದರು. ಪರದೆಯ ಮೇಲೆ ಏರಿಳಿದ ಒಂದು ಗೆರೆಯನ್ನು ಅವರು ಆರಂಭದಲ್ಲಿ ಹೃತ್ಕರ್ಣದ ಗೋಡೆಯೆಂದು ಭಾವಿಸಿದ್ದರು. ಅದು ಮಿಟ್ರಲ್ ಕವಾಟದ ಮುಂದಳವೆಂಬುದೂ, ಕವಾಟ ಸಂಕುಚಿತವಾದಷ್ಟೂ ಆ ಗೆರೆಯ ಇಳಿಜಾರು ಮಂದವಾಗುವುದೆಂಬುದೂ ಮುಂದೆ ಗೊತ್ತಾಯಿತು. ಎಪ್ಪತ್ತರ ದಶಕದಲ್ಲಿ ನಾರ್ವೆಯ ಲೀವ್ ಹಾಟ್ಲೆ ಮೊದಲಾದವರು ಡಾಪ್ಲರ್ ವಿಧಾನವನ್ನು ಇದಕ್ಕೆ ಹೊಂದಿಸಿ, ಕವಾಟದ ಕಿಂಡಿಯಲ್ಲಿ ರಕ್ತ ನುಗ್ಗುವ ವೇಗವನ್ನು ಅಳೆದು, ಆ ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಕವಾಟದ ಮೇಲಿನ ಹಾಗೂ ಕೆಳಗಿನ ಒತ್ತಡಗಳ ಅಂತರ ಪಾದರಸದ ಮಿಲಿಮೀಟರುಗಳಲ್ಲಿ ಸಿಕ್ಕುವುದೆಂದು ತೋರಿಸಿಕೊಟ್ಟರು. ಸೂಜಿ ಚುಚ್ಚದೆ, ಕೊಳವೆ ತೂರಿಸದೆ ಹೃದಯದೊಳಗಣ ಒತ್ತಡವನ್ನು ಅಳೆಯುವುದು ಅಂದಿನಿಂದ ಸಾಧ್ಯವಾಯಿತು.

ನನ್ನ ವಾದದ ತಿರುಳು ಇರುವುದು ಆ ವರ್ಗದ ಲೆಕ್ಕದಲ್ಲಿಯೇ. ಕಿಂಡಿ ಅಷ್ಟೇ ಇದ್ದು ಅದರ ಮೂಲಕ ಹಾಯುವ ರಕ್ತದ ವೇಗ ಎರಡರಷ್ಟಾದರೆ ಒತ್ತಡದ ಅಂತರ ಎರಡರಷ್ಟಾಗಿ ನಿಲ್ಲದೆ ನಾಲ್ಕರಷ್ಟಾಗುತ್ತದೆ. ಇನ್ನೊಂದು ಕಷ್ಟವೂ ಇದಕ್ಕೆ ಸೇರಿಕೊಳ್ಳುತ್ತದೆ. ನಾಡಿ ನಿಮಿಷಕ್ಕೆ 60 ಇರುವಾಗ ಒಂದೊಂದು ಬಡಿತಕ್ಕೂ ಒಂದು ಸೆಕೆಂಡಿನ ಅವಕಾಶವಿದ್ದು, ಅದರಲ್ಲಿ ಸುಮಾರು 0.6 ಸೆಕೆಂಡು ಹೃತ್ಕುಕ್ಷಿ ತುಂಬುವುದಕ್ಕೆ ದೊರೆಯುತ್ತದೆ. ನಾಡಿ 120ಕ್ಕೆ ಏರಿದಾಗ ಬಡಿತದ ಅವಧಿ ಅರ್ಧಕ್ಕಿಳಿಯುವುದೇನೋ ಸರಿ, ಆದರೆ ಸಂಕುಚಿಸುವ ಕಾಲ ಆ ಪ್ರಮಾಣದಲ್ಲಿ ಕಿರಿದಾಗದೆ ತುಂಬುವ ಕಾಲವನ್ನೇ ಹೆಚ್ಚಾಗಿ ಕಬಳಿಸುವುದರಿಂದ, ಅದಕ್ಕೆ ಉಳಿಯುವುದು 0.2 ಸೆಕೆಂಡಿನ ಆಸುಪಾಸು. ದುಡಿಯುವ ಮೈಗೆ ರಕ್ತ ಹೆಚ್ಚು ಬೇಕು, ಅದು ಇಳಿಯಲು ಸಮಯ ಕಡಿಮೆ, ಕಿಂಡಿ ಮೊದಲೇ ಇಕ್ಕಟ್ಟು. ಹೀಗಾಗಿ ಮೇಲಿನ ಹೃತ್ಕರ್ಣದಲ್ಲಿ ರಕ್ತ ತಡೆಗಟ್ಟಿ ನಿಂತು, ಒತ್ತಡ ಹಿಂದಕ್ಕೆ ಶ್ವಾಸಕೋಶಗಳಿಗೆ ಹಬ್ಬಿ, ಉಸಿರು ಕಟ್ಟುತ್ತದೆ. ವೈಶಾಖದಲ್ಲಿ ಹಳ್ಳದ ಮೋರಿಯನ್ನು ನೋಡಿ ನೀರು ಸರಾಗವಾಗಿ ಹರಿಯುತ್ತಿದೆಯೆಂದು ಷರಾ ಬರೆದ ಓವರ್ಸಿಯರನಿಗೆ ಶ್ರಾವಣದಲ್ಲಿ ಊರಿನವರು ಏನೆಂದಾರೋ, ಮಲಗಿಸಿ ಅಳೆದ ಅಂಕಿಯನ್ನು ನೋಡಿ ಧೈರ್ಯ ಹೇಳಿದವರಿಗೂ ರೋಗಿ ಅದನ್ನೇ ಹೇಳಬಹುದಿತ್ತು. ಆದರೆ ನಮ್ಮ ರೋಗಿಗಳು ಹಾಗೆ ಹೇಳುವುದಿಲ್ಲ.

ಏಕೆ ಹೇಳುವುದಿಲ್ಲವೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಈ ರೋಗ ಹತ್ತು ಹದಿನೈದು ವರ್ಷಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಮೈಗೂಡುವಂಥದು. ರೋಗಿಯೂ ಅಷ್ಟೇ ಮೆಲ್ಲಗೆ ತನ್ನ ಬದುಕನ್ನು ಅದರ ಅಳತೆಗೆ ಕತ್ತರಿಸಿಕೊಳ್ಳುತ್ತ ಹೋಗುತ್ತಾಳೆ. ಮೊದಲು ಜಾತ್ರೆಗೆ ಬೆಟ್ಟ ಹತ್ತುವುದು ನಿಲ್ಲುತ್ತದೆ, ತರುವಾಯ ಎರಡು ಕೊಡದ ಬದಲು ಒಂದು ಕೊಡ, ಆಮೇಲೆ ಅರ್ಧ ಕೊಡ. ಅತ್ತೆ ಸೋಮಾರಿಯೆಂದಾಳು, ಗಂಡ ಸಿಡುಕಿಯಾನು ಎಂಬ ಅಳುಕಿನಿಂದ ಅವಳು ಏದುಸಿರನ್ನು ಮರೆಮಾಚುವುದಕ್ಕೆ ನೂರು ಉಪಾಯಗಳನ್ನು ಕಲಿತುಕೊಳ್ಳುತ್ತಾಳೆ. ಕೆಲವು ಕಾಲದಲ್ಲಿ ಆ ಮರೆ ಅವಳಿಗೂ ಮರೆಯಾಗಿಬಿಡುತ್ತದೆ. ನೂರಾರು ಜನ ಸಾಲುಗಟ್ಟಿ ನಿಂತ ಓಪಿಡಿಯಲ್ಲಿ ವೈದ್ಯರು ತಲೆಯೆತ್ತದೆ ‘ದಮ್ಮು ಬರುತ್ತೇನಮ್ಮಾ?’ ಎಂದು ಕೇಳಿದರೆ ‘ಇಲ್ಲ ಸಾರ್’ ಎಂಬುದಲ್ಲದೆ ಬೇರೆ ಉತ್ತರ ಬರುವಂತಿಲ್ಲ. ಆ ‘ಇಲ್ಲ’ ಎಂಬುದು ಚೀಟಿಯಲ್ಲಿ ರೋಗಲಕ್ಷಣರಹಿತ ಎಂಬ ಗಂಭೀರ ಪದವಾಗಿ ಪರಿವರ್ತಿತವಾಗಿ, ಮುಂದಿನ ಎಲ್ಲ ನಿರ್ಣಯಗಳಿಗೂ ತಳಹದಿಯಾಗುತ್ತದೆ.

ಸ್ನೇಹಿತರೊಬ್ಬರ ಸೌಜನ್ಯದಿಂದ ಇಂಥದೊಂದು ವ್ಯಾಯಾಮ ಪರೀಕ್ಷೆಯನ್ನು ಕೋಣೆಯ ಮೂಲೆಯಲ್ಲಿ ನಿಂತು ನೋಡುವ ಅವಕಾಶ ನನಗೆ ಒದಗಿತ್ತು. ಎಡಕ್ಕೆ ವಾಲುವಂತೆ ಮಾಡಿದ ಒರಗುಮಂಚ. ಅದರ ಕಾಲದೆಸೆಯಲ್ಲಿ ಸೈಕಲ್ಲಿನ ಪೆಡಲು. ಮೂವತ್ತರ ಒಳಗಿನ ಹೆಂಗಸು, ರೈತಾಪಿ ಕುಟುಂಬದವಳು. ಸೀರೆ ಪೆಡಲಿಗೆ ಸಿಕ್ಕಿಕೊಂಡೀತೆಂದು ಸಿಸ್ಟರ್ ಅವಳಿಗೆ ಆಸ್ಪತ್ರೆಯ ಪೈಜಾಮ ತೊಡಿಸಿದ್ದರು. ‘ನಾನು ಸೈಕಲ್ ಹೊಡೆದವಳೇ ಅಲ್ಲ ಅಕ್ಕಾ’ ಎಂದು ಅವಳು ನಾಚಿದಳು. ಮಲಗಿದ್ದಾಗ ನಾಡಿ 74, ಕವಾಟದ ಮೇಲಣ ಸರಾಸರಿ ಒತ್ತಡದಂತರ 6 ಮಿಲಿಮೀಟರು. ದೂರು ಏನೂ ಇಲ್ಲವೆಂದು ಚೀಟಿಯಲ್ಲಿ ಬರೆದಿತ್ತು. 25 ವಾಟಿನ ಹೊರೆಯಿಂದ ಆರಂಭಿಸಿ, ಕೆಲವು ನಿಮಿಷಗಳಾದ ಮೇಲೆ 50ಕ್ಕೆ ಏರಿಸಿದರು. ವೈದ್ಯರ ಬಲಗೈ ಅವಳ ಪಕ್ಕೆಲುಬುಗಳ ನಡುವೆ ಪ್ರೋಬನ್ನು ಒತ್ತಿ ಹಿಡಿದೇ ಇತ್ತು. ಅವಳು ತುಳಿದಂತೆಲ್ಲ ಎದೆ ಅಲುಗಾಡಿ ಚಿತ್ರ ಜಾರುತ್ತಿತ್ತು, ಅವರು ಮತ್ತೆ ಹುಡುಕಿ ಹಿಡಿಯುತ್ತಿದ್ದರು. ‘ಕಾಲು ನಿಲ್ಲಿಸಬೇಡಮ್ಮ, ತುಳೀತಾ ಇರು’ ಎಂದು ಸಿಸ್ಟರ್ ಹುರಿದುಂಬಿಸುತ್ತಿರುವಾಗಲೇ ನಾಡಿ 120 ದಾಟಿ, ಪರದೆಯ ಮೇಲಿನ ಅಲೆಗಳು ಒಂದಕ್ಕೊಂದು ಒತ್ತರಿಸಿಕೊಂಡು ಎತ್ತರವಾಗಿ, ಒತ್ತಡದಂತರ 19 ಎಂದು ಬಿತ್ತು. ‘ಸಾಕು ಅಕ್ಕಾ’ ಎಂದು ಅವಳು ಕಾಲು ನಿಲ್ಲಿಸಿದಳು. ಉಸಿರು ಹಿಡಿತಕ್ಕೆ ಬಂದ ಮೇಲೆ ವೈದ್ಯರು, ಹೊಲದಲ್ಲಿ ಕೆಲಸ ಮಾಡುವಾಗ ಹೀಗೆ ಆಗುವುದಿಲ್ಲವೇ ಎಂದು ಕೇಳಿದರು. ‘ಹೊಲಕ್ಕೆ ಹೋಗೋದು ಬಿಟ್ಟು ಎರಡು ವರ್ಷ ಆಯ್ತಲ್ಲ ಸಾರ್’ ಎಂದಳು, ಅದು ಎಲ್ಲರಿಗೂ ತಿಳಿದ ವಿಷಯವೆಂಬಂತೆ.

ವ್ಯಾಯಾಮದಲ್ಲಿ ಈ ಸರಾಸರಿ ಅಂತರ 15 ಮಿಲಿಮೀಟರನ್ನು ಮೀರಿದರೆ ಕವಾಟವೇ ಅಪರಾಧಿಯೆಂದು ಶಂಕಿಸಬೇಕೆಂಬುದು ಹೃದ್ರೋಗ ತಜ್ಞರಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಗಡಿ. ಅಮೆರಿಕದ ಹೃದ್ರೋಗ ಸಂಘಗಳು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ರುಮ್ಯಾಟಿಕ್ ಮಿಟ್ರಲ್ ಸಂಕೋಚನದಲ್ಲಿ ವಿಶ್ರಾಂತಿಯ ಎಕೋಗೂ ರೋಗಿಯ ಲಕ್ಷಣಗಳಿಗೂ ತಾಳೆಯಾಗದಿದ್ದಾಗ ವ್ಯಾಯಾಮದೊಡನೆ ಡಾಪ್ಲರ್ ಪರೀಕ್ಷೆಯನ್ನು, ಇಲ್ಲವೆ ಕೊಳವೆ ತೂರಿಸಿ ನೇರವಾಗಿ ಒತ್ತಡ ಅಳೆಯುವುದನ್ನು, ತನ್ನ ಶಿಫಾರಸುಗಳ ಅತ್ಯುನ್ನತ ದರ್ಜೆಯಲ್ಲಿ ಇರಿಸಿದೆ. ಈ ರೋಗವನ್ನು ಅಪರೂಪಕ್ಕೆ ಕಾಣುವವರು ಅಲ್ಲಿ ನಿಯಮ ಮಾಡಿಟ್ಟಿದ್ದಾರೆ. ನಿತ್ಯ ಕಾಣುವವರು ನಾವು, ಆ ನಿಯಮವನ್ನು ದೊಡ್ಡ ಊರುಗಳ ಕೆಲವೇ ಆಸ್ಪತ್ರೆಗಳಿಗೆ ಮೀಸಲಾಗಿ ಬಿಟ್ಟಿದ್ದೇವೆ.

ಪರೀಕ್ಷೆಯ ಪ್ರಯೋಜನ ಎರಡು ಕಡೆಗೂ ಹರಿಯುತ್ತದೆಂಬುದನ್ನು ಮರೆಯಲಾಗದು. ಏದುಸಿರೆಂದು ನರಳುತ್ತಿರುವ ಹೆಂಗಸಿನ ಕವಾಟದಲ್ಲಿ ಅಲ್ಪಸ್ವಲ್ಪ ಸಂಕೋಚನ ಕಂಡುಬಂದು, ವ್ಯಾಯಾಮ ಮಾಡಿಸಿದರೂ ಒತ್ತಡ ಹೇಳಿಕೊಳ್ಳುವಷ್ಟು ಏರದಿದ್ದರೆ, ಅಪವಾದವನ್ನು ಕವಾಟದ ತಲೆಗೆ ಕಟ್ಟದೆ ಬೇರೆಡೆ ಹುಡುಕಬೇಕು: ರಕ್ತಹೀನತೆ, ಉಬ್ಬಸ, ಥೈರಾಯ್ಡಿನ ತೊಂದರೆ, ಬಹುಕಾಲ ಸೌದೆಯೊಲೆಯ ಮುಂದೆ ಕುಳಿತವರ ಬಳಲಿದ ಶ್ವಾಸಕೋಶ. ಕರ್ನಾಟಕದಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತಿರುವಾಗ, ಈ ವಿವೇಚನೆ ಇಲ್ಲದೆ ಬಲೂನಿಗೆ ಕಳುಹಿಸುವುದೂ ಅನ್ಯಾಯವೇ ಸರಿ.

ಬಲೂನು ಎಂದೆನಷ್ಟೆ. ಜಪಾನಿನ ಕಾಂಜಿ ಇನೂಯೆ ಎಂಬ ಶಸ್ತ್ರವೈದ್ಯನು 1982ರಲ್ಲಿ ಆರಂಭಿಸಿದ ಈ ಕ್ರಮದಲ್ಲಿ, ತೊಡೆಸಂದಿನ ರಕ್ತನಾಳದ ಮೂಲಕ ತೂರಿಸಿದ ಕೊಳವೆಯ ತುದಿಯ ಬಲೂನನ್ನು ಹೃತ್ಕರ್ಣಗಳ ನಡುವಣ ಗೋಡೆಯನ್ನು ಚುಚ್ಚಿ ದಾಟಿಸಿ, ಕವಾಟದ ಕಿಂಡಿಯಲ್ಲಿ ನಿಲ್ಲಿಸಿ ಉಬ್ಬಿಸಿದಾಗ ಬೆಸೆದುಕೊಂಡ ಮೂಲೆಗಳು ಬಿಟ್ಟುಕೊಳ್ಳುತ್ತವೆ, ಎದೆ ಕೊಯ್ಯಬೇಕಾಗಿಲ್ಲ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ನಡೆಸಿ ಹೆಸರು ಪಡೆದ ಕೇಂದ್ರ. ಅಂದಮೇಲೆ ರೋಗಿಯನ್ನು ಗುಣಪಡಿಸುವ ಕೈಗಳು ನಮ್ಮಲ್ಲಿವೆ. ಯಾರನ್ನು ಯಾವಾಗ ಆ ಕೈಗಳಿಗೆ ಒಪ್ಪಿಸಬೇಕೆಂದು ನಿರ್ಧರಿಸುವ ಕಣ್ಣು ಮಾತ್ರ ಜಿಲ್ಲೆಗಳಲ್ಲಿ ಕೊರತೆಯಾಗಿದೆ.

ಈ ಮಾತಿಗೆ ಆಕ್ಷೇಪಗಳು ಇಲ್ಲದಿಲ್ಲ. ಮೊದಲನೆಯದು, ಗಡಿಯಂಕಿಗಳ ಪ್ರಾಮಾಣ್ಯ: 15 ಎಂಬ ಅಂಕಿ ದೊಡ್ಡ ಪ್ರಯೋಗಗಳಿಗಿಂತ ಹೆಚ್ಚಾಗಿ ಅನುಭವಿಗಳ ಒಮ್ಮತದಿಂದ ಬಂದುದು, ಶ್ವಾಸಕೋಶದ ಧಮನಿಯ ಒತ್ತಡ ವ್ಯಾಯಾಮದಲ್ಲಿ 60 ದಾಟಿದರೆ ಅಪಾಯವೆಂದು ಹಿಂದೆ ನಂಬಿದ್ದೆವು, ಆರೋಗ್ಯವಂತ ವೃದ್ಧರಲ್ಲೂ ಪರಮಾವಧಿ ಶ್ರಮದಲ್ಲಿ ಅದು ದಾಟುವುದುಂಟೆಂದು ಬಳಿಕ ತಿಳಿದುಬಂತು. ಈ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ಒಂದು ಅಂಕಿಯನ್ನೇ ಹಿಡಿದು ಚಿಕಿತ್ಸೆಗೆ ತಳ್ಳುವುದು ಸಲ್ಲದು; ಎಷ್ಟು ಹೊರೆಗೆ, ಎಷ್ಟು ನಾಡಿಗೆ, ಯಾವ ಕಷ್ಟದೊಡನೆ ಆ ಅಂಕಿ ಬಂತೆಂಬುದನ್ನು ಕೂಡಿಸಿ ಓದಬೇಕು. 25 ವಾಟಿನಲ್ಲಿ ಬಂದ 16ಕ್ಕೂ, 100 ವಾಟ್ ತುಳಿದ ಮೇಲೆ ಬಂದ 16ಕ್ಕೂ ಅಜಗಜಾಂತರವಿದೆ. ಎರಡನೆಯದು, ಸಮಯವೆಲ್ಲಿದೆ ಎಂಬುದು. ಇದನ್ನು ನಾನು ಅಷ್ಟಾಗಿ ಗೌರವಿಸಲಾರೆ. ಏಕೆಂದರೆ ಎಲ್ಲರಿಗೂ ಈ ಪರೀಕ್ಷೆ ಮಾಡಿಸಿರೆಂದು ಯಾರೂ ಕೇಳುತ್ತಿಲ್ಲ. ಕಿಂಡಿ ಒಂದು ಚದರ ಸೆಂಟಿಮೀಟರಿಗೂ ಕಿರಿದಾಗಿ ಮೆಟ್ಟಿಲು ಹತ್ತಲಾರದವಳಿಗೆ ಸೈಕಲ್ ತುಳಿಸುವುದು ಕ್ರೌರ್ಯ. ಕಿಂಡಿ ಎರಡೂವರೆಯಿದ್ದು ಚೆನ್ನಾಗಿ ಓಡಾಡುವವಳಿಗೆ ತುಳಿಸುವುದು ವ್ಯರ್ಥ. ಮಾತಿಗೂ ಅಂಕಿಗೂ ಜಗಳವಿರುವವರು ಮಾತ್ರ ಇದಕ್ಕೆ ಅರ್ಹರು. ಗರ್ಭ ಧರಿಸಬೇಕೆಂದಿರುವ ಕವಾಟರೋಗಿಗಳನ್ನು ಅವರ ಜೊತೆಗೆ ಸೇರಿಸುತ್ತೇನೆ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ನೂರಕ್ಕೆ 40ರಿಂದ 50ರಷ್ಟು ಹೆಚ್ಚುವುದಲ್ಲದೆ ನಾಡಿಯೂ ಚುರುಕಾಗುವುದರಿಂದ, ಅದುವರೆಗೆ ಅಡಗಿದ್ದ ಸಂಕೋಚನ ಆರೇಳನೆಯ ತಿಂಗಳಲ್ಲಿ ಉಸಿರುಗಟ್ಟಿಸಿ ಬಯಲಾಗುವ ಪ್ರಸಂಗಗಳು ಸೂತಿಕಾಗೃಹದವರಿಗೆ ಹೊಸತಲ್ಲ. ಅದನ್ನು ಮುಂಚಿತವಾಗಿ, ಒಬ್ಬ ವೈದ್ಯರ ಎದುರಿನಲ್ಲಿ, ಹತ್ತು ನಿಮಿಷಗಳಲ್ಲಿ ಬಯಲಿಗೆಳೆಯುವುದು ಲೇಸಲ್ಲವೆ?

ಉಳಿದ ಕವಾಟಗಳ ವಿಷಯದಲ್ಲಿ ಎರಡು ಮಾತು. ಮಹಾಧಮನಿಯ ಕವಾಟ ಬಿಗಿದುಕೊಂಡು ಎದೆನೋವೋ ತಲೆಸುತ್ತಿ ಬೀಳುವುದೋ ಆಗಲೇ ಕಾಣಿಸಿಕೊಂಡಿರುವವರಿಗೆ ವ್ಯಾಯಾಮ ಪರೀಕ್ಷೆ ನಿಷಿದ್ಧ, ಅದು ಪ್ರಾಣಕ್ಕೆ ಎರವಾಗಬಹುದು. ದೂರಿಲ್ಲವೆನ್ನುವವರಿಗೆ ಮಾತ್ರ, ಜಾಗರೂಕತೆಯಿಂದ, ತಜ್ಞರ ಸಮಕ್ಷಮದಲ್ಲಿ ಮಾಡತಕ್ಕದ್ದು. ಸೋರುವ ಮಿಟ್ರಲ್ ಕವಾಟದ ವಿಷಯದಲ್ಲಿ ಬೆಲ್ಜಿಯಮ್ಮಿನ ಲಿಯೆಜ್ ನಗರದ ಪಿಯೆರಾರ್ ಹಾಗೂ ಲಾನ್ಸೆಲೊಟ್ಟಿ 2004ರಲ್ಲಿ ಪ್ರಕಟಿಸಿದ ಸಂಶೋಧನೆ ಪ್ರಸಿದ್ಧವಾಗಿದೆ: ಇದ್ದಕ್ಕಿದ್ದಂತೆ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದ ದುರ್ಬಲಹೃದಯಿಗಳಲ್ಲಿ, ವಿಶ್ರಾಂತಿಯಲ್ಲಿ ಸಾಧಾರಣವೆಂದು ತೋರಿದ ಸೋರಿಕೆ ಶ್ರಮದಲ್ಲಿ ಬಹಳವಾಗಿ ಹಿಗ್ಗುವುದನ್ನು ಅವರು ಕಂಡರು. ಕವಾಟ ಬೇರೆ, ಕೆಡುಕಿನ ಬಗೆ ಬೇರೆ. ಮಲಗಿದ ಹೃದಯ ಮರೆಮಾಚುವ ರೀತಿ ಮಾತ್ರ ಅದೇ.

ಇನ್ನು ವೆಚ್ಚದ ಮಾತು. ಒರಗುಮಂಚದ ಸೈಕಲ್ ಎಲ್ಲೆಡೆ ಇರಬೇಕೆಂದು ನಾನು ಹೇಳುವುದಿಲ್ಲ. ಡಾಪ್ಲರ್ ಸಹಿತವಾದ ಎಕೋ ಯಂತ್ರವಿರುವಲ್ಲಿ ಟಿಎಂಟಿಯ ಓಡುಪಟ್ಟಿಯೂ ಬಹುತೇಕ ಪಕ್ಕದ ಕೋಣೆಯಲ್ಲಿಯೇ ಇರುತ್ತದೆ; ಅದರ ಮೇಲೆ ನಡೆಸಿ, ಇಳಿದ ತಕ್ಷಣ ಮಲಗಿಸಿ, ನಾಡಿ ಇಳಿಯುವ ಮುನ್ನ, ಒಂದು ನಿಮಿಷ ಒಂದೂವರೆ ನಿಮಿಷದೊಳಗೆ ಅಳತೆ ಹಿಡಿದರೆ ಕೆಲಸ ನಡೆದೀತು. ಅದೂ ಇಲ್ಲದೆಡೆ ಮಂಚದ ಮೇಲೆಯೇ ಮಲಗಿ ಏಳುವುದನ್ನೋ, ಕಾಲೆತ್ತಿ ಇಳಿಸುವುದನ್ನೋ ಹತ್ತಾರು ಸಲ ಮಾಡಿಸಿದರೂ ನಾಡಿ ಏರುತ್ತದೆ. ಪಾಠಾಂತರವಿದು, ಪೂರ್ಣಪಾಠವಲ್ಲ, ಆದರೂ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಬೇಕಾದದ್ದು ತರಬೇತಾದ ಕೈ. ಅಲುಗಾಡುವ ಎದೆಯ ಮೇಲೆ ಚಿತ್ರ ಹಿಡಿಯುವ ಅಭ್ಯಾಸ ಪುಸ್ತಕದಿಂದ ಬರುವಂಥದಲ್ಲ. ಬೆಂಗಳೂರು, ಮೈಸೂರು, ಕಲಬುರಗಿಗಳ ಹೃದ್ರೋಗ ಕೇಂದ್ರಗಳು ಜಿಲ್ಲೆಗಳ ವೈದ್ಯರನ್ನೂ ತಂತ್ರಜ್ಞರನ್ನೂ ಕೆಲವು ವಾರ ಕರೆಸಿಕೊಂಡು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರೆ ಸಾಕು. ಪರೀಕ್ಷೆ ನಡೆಯುವ ಕೋಣೆಯಲ್ಲಿ ಆಮ್ಲಜನಕವೂ ತುರ್ತುಮದ್ದಿನ ತಳ್ಳುಗಾಡಿಯೂ ಇರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಅದೆಲ್ಲ ಆಗುವುದಕ್ಕೆ ಆಯವ್ಯಯದ ಮಂಜೂರಾತಿ, ಸುತ್ತೋಲೆ, ಟೆಂಡರುಗಳೆಂಬ ಕಾಲಹರಣ ಇದ್ದೇ ಇದೆ. ಅಷ್ಟರವರೆಗೆ ಕಾಸಿನ ಖರ್ಚಿಲ್ಲದ ಒಂದು ಸುಧಾರಣೆಯನ್ನು ನಾಳೆಯಿಂದಲೇ ಮಾಡಬಹುದು. ಎಕೋಗೆ ಕಳುಹಿಸುವ ಚೀಟಿಯಲ್ಲಿ ದಮ್ಮು ಉಂಟೇ ಇಲ್ಲವೇ ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಲಿ: ಎರಡು ವರ್ಷದ ಹಿಂದೆ ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸ ಯಾವುದು? ಅದನ್ನು ರೋಗಿಯೊಬ್ಬಳನ್ನೇ ಕೇಳದೆ ಜೊತೆಗೆ ಬಂದವರನ್ನೂ ಕೇಳಿ ಬರೆಯತಕ್ಕದ್ದು. ಉತ್ತರ ಬರೆದಿರುವ ಚೀಟಿಗಳನ್ನು ಪ್ರತ್ಯೇಕವಾಗಿರಿಸಿ, ವಾರಕ್ಕೊಂದು ಮಧ್ಯಾಹ್ನ, ಓಪಿಡಿಯ ಸಾಲು ಕರಗಿದ ಮೇಲೆ, ಆ ರೋಗಿಗಳನ್ನು ಓಡುಪಟ್ಟಿಯ ಕೋಣೆಗೆ ಕರೆಯತಕ್ಕದ್ದು.